ಆಯುಧಗಳ ಸಿಂಹಾಸನ

ಲಂಡನ್ ನಗರದ ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿ ಒಂದು ಕುರ್ಚಿಯಿದೆ. ದೂರದಿಂದ ನೋಡಿದವರಿಗೆ ಅದು ಎತ್ತರವಾದ ಬೆನ್ನೊರಗೂ ಎರಡು ತೋಳುಗಳೂ ಉಳ್ಳ, ಸಿರಿವಂತರ ಮನೆಯ ಹಜಾರದಲ್ಲಿ ಇಡತಕ್ಕಂತಹ ಹಳೆಯ ಪದ್ಧತಿಯ ಕುರ್ಚಿಯಂತೆ ತೋರುತ್ತದೆ. ಅದರ ಎತ್ತರ ಸುಮಾರು ಒಂದು ಮೀಟರು. ಹತ್ತಿರಕ್ಕೆ ಹೋದಂತೆಲ್ಲ ನೋಡುವವನ ಕಣ್ಣು ತಡವರಿಸತೊಡಗುತ್ತದೆ. ಕುರ್ಚಿಯ ಮುಂಗಾಲು ಮರದ ಕಾಲಲ್ಲ, ಬಂದೂಕಿನ ನಳಿಗೆ. ಕೈಯೂರಲು ಇರುವ ತೋಳುಗಳು ಬಂದೂಕುಗಳು. ಕುಳಿತುಕೊಳ್ಳುವ ಹಾಸು ಬಂದೂಕುಗಳದು, ಬೆನ್ನೊರಗೂ ಬಂದೂಕುಗಳದೇ. ಇದರಲ್ಲಿ ಹೊಸದಾಗಿ ಕೊಂಡುತಂದ ಮರವಾಗಲಿ ಬೆತ್ತವಾಗಲಿ ಇಲ್ಲ. ಒಂದು ಕಾಲದಲ್ಲಿ ಮನುಷ್ಯರನ್ನು ಕೊಲ್ಲಲು ಬಳಕೆಯಾದ, ಅನಂತರ ಕತ್ತರಿಸಿ ನಿರುಪಯುಕ್ತಗೊಳಿಸಿದ ಆಯುಧಗಳ ತುಂಡುಗಳನ್ನು ಬೆಸುಗೆಯಿಂದ ಕೂಡಿಸಿ ಇದನ್ನು ಮಾಡಲಾಗಿದೆ. ಇದರ ಹೆಸರು 'ಆಯುಧಗಳ ಸಿಂಹಾಸನ'. 2001ನೆಯ ಇಸವಿಯಲ್ಲಿ ಇದನ್ನು ನಿರ್ಮಿಸಿದವರು ಆಫ್ರಿಕ ಖಂಡದ ಮೊಜಾಂಬಿಕ್ ದೇಶದ ಕಲಾವಿದ ಕ್ರಿಸ್ತೋವಾವ್ ಕನ್ಯವಾತೊ. ಕಲಾಲೋಕದಲ್ಲಿ ಅವರು ಕೆಸ್ಟರ್ ಎಂಬ ಹೆಸರಿನಿಂದ ಪರಿಚಿತರು.

ಕಲಾವಿದನು ಆಯುಧಗಳಿಂದ ಬೇರೇನನ್ನಾದರೂ ಮಾಡಬಹುದಾಗಿತ್ತು. ಕುರ್ಚಿಯನ್ನೇ ಏಕೆ ಮಾಡಿದನು? ಆಸನವೆಂಬುದು ಎಲ್ಲ ನಾಡುಗಳಲ್ಲಿಯೂ ಅಧಿಕಾರದ ಗುರುತಾಗಿದೆ. ಕನ್ನಡದಲ್ಲಿ ಪಟ್ಟ, ಪೀಠ, ಗದ್ದುಗೆ ಎಂಬ ಮಾತುಗಳು ಕುಳಿತುಕೊಳ್ಳುವ ಜಾಗವನ್ನು ಹೇಳುವುದರ ಜೊತೆಗೆ ಆಳುವ ಹಕ್ಕನ್ನೂ ಹೇಳುತ್ತವೆ. ವಿಕ್ರಮಾದಿತ್ಯನ ಸಿಂಹಾಸನದ ಕಥೆಯನ್ನು ಕೇಳದ ಮಕ್ಕಳು ಕಡಿಮೆ. ಮಣ್ಣಿನಲ್ಲಿ ಹುದುಗಿಹೋಗಿದ್ದ ಆ ಸಿಂಹಾಸನವನ್ನು ಭೋಜರಾಜನು ಹೊರತೆಗೆಸಿ ಏರಹೊರಟಾಗ ಅದರಲ್ಲಿದ್ದ 32 ಬೊಂಬೆಗಳು ಒಂದೊಂದಾಗಿ ಅವನನ್ನು ತಡೆದು, ವಿಕ್ರಮನ ಔದಾರ್ಯ ನಿನ್ನಲ್ಲಿ ಉಂಟೇ ಎಂದು ಪ್ರಶ್ನಿಸುತ್ತವೆ. ಪಶ್ಚಿಮ ಆಫ್ರಿಕದಲ್ಲಿ, ಇಂದಿನ ಘಾನಾ ದೇಶದಲ್ಲಿರುವ ಅಸಾಂಟೆ ಜನರಿಗೆ ಒಂದು ಚಿನ್ನದ ಪೀಠವಿದೆ. ತಮ್ಮ ಜನಾಂಗದ ಆತ್ಮವೇ ಅದರಲ್ಲಿ ನೆಲೆಸಿದೆಯೆಂದು ಅವರು ನಂಬುತ್ತಾರೆ. ಅರಸನು ಕೂಡ ಅದರ ಮೇಲೆ ಕುಳಿತುಕೊಳ್ಳುವಂತಿಲ್ಲ. 1900ರಲ್ಲಿ ಬ್ರಿಟಿಷ್ ಗವರ್ನರನೊಬ್ಬನು ತಾನು ಕುಳಿತುಕೊಳ್ಳಲು ಆ ಪೀಠವನ್ನು ತರಬೇಕೆಂದು ಕೇಳಿದುದು ಯುದ್ಧಕ್ಕೆ ಕಾರಣವಾಯಿತು. ರಾಜಮಾತೆ ಯಾ ಅಸಾಂಟೆವಾ ಆ ಯುದ್ಧದ ಮುಂದಾಳಾಗಿದ್ದಳು. ಹೀಗೆ ಆಸನವೊಂದರಲ್ಲಿ ಅಧಿಕಾರವನ್ನು ಕಾಣುವ ಖಂಡದಲ್ಲಿ ಬಂದೂಕುಗಳಿಂದ ಸಿಂಹಾಸನ ಮಾಡಿದರೆ ಅದರ ಅರ್ಥ ನೋಡುವವರಿಗೆ ತಾನಾಗಿಯೇ ಹೊಳೆಯುತ್ತದೆ. ಬಂದೂಕಿನ ಬಲದಿಂದ ಏರಿದ ಗದ್ದುಗೆ ಎಂಬ ಮಾತು ಇಲ್ಲಿ ಕಣ್ಣಿಗೆ ಕಾಣುವ ವಸ್ತುವಾಗಿ ನಿಂತಿದೆ.

ಈ ಬಂದೂಕುಗಳು ಎಲ್ಲಿಂದ ಬಂದವೆಂಬುದನ್ನು ತಿಳಿಯಬೇಕಾದರೆ ಘಾನಾದಿಂದ ಬಹುದೂರ, ಆಫ್ರಿಕದ ಪೂರ್ವ ಕರಾವಳಿಯಲ್ಲಿರುವ ಮೊಜಾಂಬಿಕ್ ದೇಶದ ಚರಿತ್ರೆಯನ್ನು ನೋಡಬೇಕು. ಭಾರತದ ಪಶ್ಚಿಮ ತೀರಕ್ಕೂ ಆ ನಾಡಿಗೂ ನಡುವೆ ಇರುವುದು ಒಂದು ಸಮುದ್ರ ಮಾತ್ರ. 1498ರಲ್ಲಿ ವಾಸ್ಕೊ ಡ ಗಾಮನು ಕಲ್ಲಿಕೋಟೆಗೆ ಬರುವ ದಾರಿಯಲ್ಲಿ ಮೊಜಾಂಬಿಕ್ ದ್ವೀಪದಲ್ಲಿ ತಂಗಿದ್ದನು. ಪೋರ್ಚುಗೀಸರು ಆ ಕರಾವಳಿಯಲ್ಲಿ ನೆಲೆಯೂರಿದ ಮೇಲೆ 1752ರವರೆಗೆ ಅದರ ಆಡಳಿತ ನಡೆದುದು ಗೋವೆಯಿಂದ. ಗೋವೆಯು 1961ರಲ್ಲಿ ಪೋರ್ಚುಗೀಸರಿಂದ ಬಿಡುಗಡೆ ಪಡೆಯಿತು. ಮೊಜಾಂಬಿಕ್ ಇನ್ನೂ 14 ವರ್ಷ ಕಾಯಬೇಕಾಯಿತು, ಕಾದಾಡಬೇಕಾಯಿತು. 1962ರಲ್ಲಿ ಸ್ಥಾಪಿತವಾದ ಫ್ರೆಲಿಮೊ ಎಂಬ ವಿಮೋಚನಾ ಸಂಘಟನೆಯು 1964ರಲ್ಲಿ ಸಶಸ್ತ್ರ ಹೋರಾಟವನ್ನು ಆರಂಭಿಸಿತು. 1974ರಲ್ಲಿ ಪೋರ್ಚುಗಲ್ಲಿನಲ್ಲಿಯೇ ಸರ್ವಾಧಿಕಾರ ಕುಸಿದುಬಿದ್ದ ಬಳಿಕ, 1975ನೆಯ ಜೂನ್ 25ರಂದು ಮೊಜಾಂಬಿಕ್ ಸ್ವತಂತ್ರವಾಯಿತು. ಸಮೋರಾ ಮಾಷೆಲ್ ಮೊದಲ ಅಧ್ಯಕ್ಷರಾದರು.

ಸ್ವಾತಂತ್ರ್ಯದ ಸಂಭ್ರಮ ಎರಡು ವರ್ಷವೂ ಪೂರ್ಣವಾಗಿ ಉಳಿಯಲಿಲ್ಲ. ನೆರೆಯ ರೊಡೇಷಿಯದಲ್ಲಿಯೂ ದಕ್ಷಿಣ ಆಫ್ರಿಕದಲ್ಲಿಯೂ ಆಗ ಬಿಳಿಯರ ಸರ್ಕಾರಗಳಿದ್ದವು. ಪಕ್ಕದಲ್ಲಿಯೇ ಕರಿಯರ ಸಮಾಜವಾದಿ ಸರ್ಕಾರವೊಂದು ತಲೆಯೆತ್ತುವುದು ಅವುಗಳಿಗೆ ಬೇಕಾಗಿರಲಿಲ್ಲ. ರೊಡೇಷಿಯದ ಬೆಂಬಲದಿಂದ ರೆನಾಮೊ ಎಂಬ ಬಂಡಾಯ ಸಂಘಟನೆ ಹುಟ್ಟಿತು. 1980ರಲ್ಲಿ ರೊಡೇಷಿಯ ಜಿಂಬಾಬ್ವೆಯಾದ ಬಳಿಕ ದಕ್ಷಿಣ ಆಫ್ರಿಕ ಅದರ ಪೋಷಣೆಯನ್ನು ವಹಿಸಿಕೊಂಡಿತು. ಫ್ರೆಲಿಮೊ ಸರ್ಕಾರಕ್ಕೆ ಸೋವಿಯತ್ ಒಕ್ಕೂಟ ಮತ್ತು ಅದರ ಮಿತ್ರರಾಷ್ಟ್ರಗಳಿಂದ ಆಯುಧಗಳು ಬಂದವು. 1977ರಿಂದ 1992ರವರೆಗೆ ನಡೆದ ಈ ಅಂತರ್ಯುದ್ಧದಲ್ಲಿ, ಹಸಿವು ರೋಗಗಳಿಂದ ಸತ್ತವರೂ ಸೇರಿ, ಸುಮಾರು 10 ಲಕ್ಷ ಜನರು ಮಡಿದರೆಂದು ಅಂದಾಜು. ಇನ್ನೂ ಸುಮಾರು 50 ಲಕ್ಷ ಜನರು ಮನೆಮಠಗಳನ್ನು ಬಿಟ್ಟು ಓಡಿದರು. ಶಾಲೆಗಳು, ಆಸ್ಪತ್ರೆಗಳು, ರೈಲುಹಾದಿಗಳು ನಾಶವಾದವು. ಎಳೆಯ ಹುಡುಗರ ಕೈಗೂ ಬಂದೂಕು ಕೊಟ್ಟು ಕಾದಾಟಕ್ಕೆ ಕಳುಹಿಸಲಾಯಿತು. ಕೊನೆಗೆ 1992ನೆಯ ಅಕ್ಟೋಬರ್ 4ರಂದು ಇಟಲಿಯ ರೋಮ್ ನಗರದಲ್ಲಿ ಎರಡೂ ಪಕ್ಷಗಳು ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದವು. ಒಪ್ಪಂದದ ಪಾಲನೆಯನ್ನು ನೋಡಿಕೊಳ್ಳಲು ವಿಶ್ವಸಂಸ್ಥೆ ಕಳುಹಿಸಿದ ಪಡೆಯಲ್ಲಿ ಭಾರತೀಯ ಸೈನಿಕರೂ ಇದ್ದರು.

ಸಹಿ ಹಾಕಿದ ಮಾತ್ರಕ್ಕೆ ಬಂದೂಕುಗಳು ಮಾಯವಾಗುವುದಿಲ್ಲ. ಲಕ್ಷಗಟ್ಟಲೆ ಆಯುಧಗಳು ದೇಶದ ತುಂಬ ಉಳಿದುಕೊಂಡವು. ಕೆಲವನ್ನು ಹೊಲದಲ್ಲಿ ಹೂತಿಟ್ಟಿದ್ದರು. ಕೆಲವನ್ನು ಗುಡಿಸಲಿನ ಮಾಡಿನಲ್ಲಿ ಸಿಕ್ಕಿಸಿದ್ದರು. ಅವುಗಳಲ್ಲಿ ಬಹುಪಾಲು ಕಲಾಶ್ನಿಕೋವ್ ಮಾದರಿಯ ಬಂದೂಕುಗಳು. 1947ರ ಮಾದರಿಯಾದುದರಿಂದ ಏಕೆ-47 ಎಂದು ಕರೆಯಲ್ಪಡುವ ಈ ಬಂದೂಕಿನ ರಚನೆ ಬಹಳ ಸರಳ. ಮಣ್ಣು, ಮಳೆ, ಅಲಕ್ಷ್ಯ ಯಾವುದಕ್ಕೂ ಅದು ಸುಲಭವಾಗಿ ಕೆಡುವುದಿಲ್ಲ. ಹತ್ತು ವರ್ಷ ನೆಲದಲ್ಲಿ ಹೂತಿಟ್ಟು ತೆಗೆದ ಗುದ್ದಲಿಗೆ ಹೊಸ ಕಾವು ಹಾಕಬೇಕಾದೀತು, ಆದರೆ ಎಣ್ಣೆಬಟ್ಟೆಯಲ್ಲಿ ಸುತ್ತಿ ಹೂತಿಟ್ಟ ಈ ಬಂದೂಕು ತೆಗೆದ ದಿನವೇ ಗುಂಡು ಹಾರಿಸೀತು. ಯುದ್ಧ ಮುಗಿದ ದೇಶದಲ್ಲಿ ಕೆಲಸವಿಲ್ಲದ ಯುವಕನ ಬಳಿ ಇಂತಹ ಒಂದು ವಸ್ತು ಇದ್ದರೆ ಅದು ದರೋಡೆಗೆ ಬಳಕೆಯಾಗುತ್ತದೆ, ಇಲ್ಲವೆ ಗಡಿಯಾಚೆಗೆ ಮಾರಾಟವಾಗುತ್ತದೆ.

ದಕ್ಷಿಣ ಮೊಜಾಂಬಿಕ್ಕಿನ ಲೆಬೊಂಬೊ ಪ್ರಾಂತದ ಆಂಗ್ಲಿಕನ್ ಬಿಷಪ್ ದಿನಿಸ್ ಸೆಂಗುಲಾನೆ ಅವರು ಈ ಅಪಾಯವನ್ನು ಚೆನ್ನಾಗಿ ಅರಿತಿದ್ದರು. ಮಲಗುವ ಕೋಣೆಯಲ್ಲಿ ಬಂದೂಕನ್ನು ಇಟ್ಟುಕೊಳ್ಳುವುದೂ ಹಾವಿನ ಜೊತೆ ಮಲಗುವುದೂ ಒಂದೇ, ಎಂದಾದರೊಂದು ದಿನ ಅದು ತಿರುಗಿ ಕಚ್ಚುತ್ತದೆ ಎಂದು ಅವರು ಜನರಿಗೆ ತಿಳಿಯಹೇಳುತ್ತಿದ್ದರು. 1995ರಲ್ಲಿ ಅವರ ಮುಂದಾಳುತನದಲ್ಲಿ ಮೊಜಾಂಬಿಕ್ಕಿನ ಕ್ರೈಸ್ತ ಮಂಡಲಿಯು 'ಆಯುಧಗಳನ್ನು ಗುದ್ದಲಿಗಳಾಗಿ ಮಾರ್ಪಡಿಸುವುದು' ಎಂಬ ಅರ್ಥದ ಪೋರ್ಚುಗೀಸ್ ಹೆಸರಿನ ಒಂದು ಯೋಜನೆಯನ್ನು ಆರಂಭಿಸಿತು. ಕತ್ತಿಗಳನ್ನು ಬಡಿದು ನೇಗಿಲಿನ ಕುಳಗಳನ್ನಾಗಿ ಮಾಡುವ ದಿನವೊಂದು ಬರುತ್ತದೆಂಬ ಕಲ್ಪನೆ ಬೈಬಲಿನ ಪ್ರವಾದಿ ಯೆಶಾಯನ ಗ್ರಂಥದಲ್ಲಿದೆ; ಯೋಜನೆಯ ಹೆಸರಿಗೆ ಅದೇ ಮೂಲ.

ಯೋಜನೆಯ ನಿಯಮ ಸರಳವಾಗಿದ್ದಿತು. ಆಯುಧವನ್ನು ತಂದೊಪ್ಪಿಸಿದವನಿಗೆ ದುಡಿಮೆಯ ಸಾಧನವೊಂದನ್ನು ಕೊಡುವುದು. ಅದು ಎಲ್ಲಿಂದ ಬಂತು, ಯಾರನ್ನು ಕೊಂದಿತು ಎಂಬ ವಿಚಾರಣೆ ಇಲ್ಲ. ತಂದವನಿಗೆ ಶಿಕ್ಷೆಯೂ ಇಲ್ಲ. ಗುದ್ದಲಿ, ನೇಗಿಲು, ಹೊಲಿಗೆ ಯಂತ್ರ, ಸೈಕಲ್, ಮನೆ ಕಟ್ಟುವ ಸಾಮಗ್ರಿ ಇವು ವಿನಿಮಯದ ವಸ್ತುಗಳಾಗಿದ್ದವು. 500 ಬಂದೂಕುಗಳನ್ನು ಒಟ್ಟುಗೂಡಿಸಿ ಒಪ್ಪಿಸಿದ ಒಂದು ಹಳ್ಳಿಗೆ ಟ್ರಾಕ್ಟರೇ ದೊರೆಯಿತು. ಇಲ್ಲಿ ಹಣವನ್ನು ಕೊಡದೆ ಸಾಧನವನ್ನು ಕೊಟ್ಟುದರಲ್ಲಿ ಒಂದು ವಿವೇಕವಿದೆ. ಬಂದೂಕಿಗೆ ಹಣ ಕೊಟ್ಟರೆ ಬಂದೂಕಿನ ಸಂತೆಯೇ ಬೆಳೆಯುತ್ತದೆ. ಒಂದನ್ನು ಮಾರಿದವನು ಆ ಹಣದಲ್ಲಿ ಅಗ್ಗವಾದ ಇನ್ನೊಂದನ್ನು ಕೊಳ್ಳಬಹುದು. ಹೊಲಿಗೆ ಯಂತ್ರ ಪಡೆದವನು ಮರುದಿನ ಬೆಳಗ್ಗೆ ಅದರ ಮುಂದೆ ಕುಳಿತು ದುಡಿಯಬೇಕು. ಬಂದೂಕು ತೋರಿಸಿ ಅನ್ನ ಸಂಪಾದಿಸುತ್ತಿದ್ದವನಿಗೆ ಅನ್ನದ ಬೇರೊಂದು ದಾರಿಯನ್ನು ಕೈಗೇ ಕೊಟ್ಟಂತಾಯಿತು.

ವಿನಿಮಯಕ್ಕೆ ಬಂದ ಸೈಕಲ್‌ಗಳಲ್ಲಿ ಹಲವು ತಾವೂ ಇನ್ನೊಬ್ಬರು ಬೇಡವೆಂದು ಬಿಟ್ಟ ವಸ್ತುಗಳೇ ಆಗಿದ್ದವೆಂಬುದು ಸ್ವಾರಸ್ಯವಾದ ಸಂಗತಿ. ಜಪಾನಿನ ಮತ್ಸುಯಾಮ ನಗರದಲ್ಲಿ ಮಾಲೀಕರು ಬೀದಿಯಲ್ಲಿಯೇ ತೊರೆದುಹೋದ ಸೈಕಲ್‌ಗಳನ್ನು ಕೂಡಿಹಾಕಿ, ಅಲ್ಲಿನ ಸ್ವಯಂಸೇವಕರು ಹಡಗಿನಲ್ಲಿ ಮೊಜಾಂಬಿಕ್ಕಿಗೆ ಕಳುಹಿಸಿಕೊಟ್ಟರು. ಒಂದು ನಗರಕ್ಕೆ ತೊಡಕಾಗಿದ್ದ ಸೈಕಲ್ ಇನ್ನೊಂದು ನಾಡಿನ ಬಂದೂಕನ್ನು ಮನೆಯಿಂದ ಹೊರಗೆ ತಂದಿತು.

ಒಪ್ಪಿಸಿದ ಆಯುಧಗಳು ಮತ್ತೆ ಕಳ್ಳದಾರಿ ಹಿಡಿಯದಂತೆ ಅವುಗಳನ್ನು ಕೆಲಸಕ್ಕೆ ಬಾರದಂತೆ ಮಾಡುವುದು ಮುಂದಿನ ಹೆಜ್ಜೆ. ಗುಂಡು ಮದ್ದುಗಳನ್ನು ಸ್ಫೋಟಿಸಿ ನಾಶಪಡಿಸುತ್ತಿದ್ದರು. ಬಂದೂಕುಗಳನ್ನು ಗರಗಸದಿಂದ ತುಂಡರಿಸುತ್ತಿದ್ದರು. ಹೀಗೆ ಉಳಿದ ಉಕ್ಕಿನ ರಾಶಿಯನ್ನು ಗುಜರಿಗೆ ಹಾಕಿ ಕರಗಿಸಿಬಿಡಬಹುದಾಗಿತ್ತು. ಆದರೆ ಯೋಜನೆಯವರು ಅದರಲ್ಲಿ ಒಂದು ಭಾಗವನ್ನು ರಾಜಧಾನಿ ಮಪುಟೊ ನಗರದ ಕಲಾವಿದರ ಸಂಘವಾದ 'ನ್ಯೂಕ್ಲಿಯೊ ದ ಆರ್ತೆ'ಗೆ ಒಪ್ಪಿಸಿದರು. ಯುದ್ಧದ ಕಾಲದಲ್ಲಿ ಬಾಲ್ಯವನ್ನು ಕಳೆದ ತರುಣ ಕಲಾವಿದರು ಅಲ್ಲಿದ್ದರು. ಕಲ್ಲು, ಮರ, ಬಣ್ಣಗಳಿಗೆ ಒಗ್ಗಿದ ಕೈಗಳಿಗೆ ಈಗ ನಳಿಗೆ, ಟ್ರಿಗರ್, ಗುಂಡು ತುಂಬುವ ಬಾಗಿದ ಪೆಟ್ಟಿಗೆಗಳು ಸಿಕ್ಕಿದವು. ಅವುಗಳಿಂದ ಹಕ್ಕಿಗಳು, ಪ್ರಾಣಿಗಳು, ವಾದ್ಯಗಾರರು, ಮೇಜು ಕುರ್ಚಿಗಳು ರೂಪುಗೊಂಡವು.

1966ರಲ್ಲಿ ಜನಿಸಿದ ಕೆಸ್ಟರ್ ಅವರು ಈ ಕಲಾವಿದರಲ್ಲಿ ಒಬ್ಬರು. ಯುದ್ಧ ತಮ್ಮನ್ನು ನೇರವಾಗಿ ತಾಗಲಿಲ್ಲವೆಂದು ಅವರು ಹೇಳಿಕೊಂಡಿದ್ದಾರೆ. ಆದರೆ ಅವರ ಇಬ್ಬರು ಬಂಧುಗಳು ಒಂದೊಂದು ಕಾಲನ್ನು ಕಳೆದುಕೊಂಡಿದ್ದಾರೆ. ಒಬ್ಬರು ನೆಲಬಾಂಬುಗಳಿದ್ದ ಜಾಗದಲ್ಲಿ ಹೆಜ್ಜೆಯಿಟ್ಟು ಕಾಲು ಕಳೆದುಕೊಂಡರು, ಇನ್ನೊಬ್ಬರು ಕಾದಾಟದಲ್ಲಿ. ಮೊಜಾಂಬಿಕ್ ನೆಲಬಾಂಬುಗಳಿಂದ ಮುಕ್ತವಾಯಿತೆಂದು ಘೋಷಿಸಲು 2015ರವರೆಗೆ ಕಾಯಬೇಕಾಯಿತೆಂದರೆ ಆ ನೆಲದ ಸ್ಥಿತಿಯನ್ನು ಊಹಿಸಬಹುದು. ಕಾಲು ಕಳೆದುಕೊಂಡವರ ಮನೆಯ ಕಲಾವಿದನು ಬಂದೂಕಿನ ನಳಿಗೆಯನ್ನು ಕುರ್ಚಿಗೆ ಕಾಲಾಗಿ ನಿಲ್ಲಿಸಿದನು.

ಬಂದೂಕಿನಿಂದ ಕುರ್ಚಿ ಮಾಡುವುದು ಮರದಿಂದ ಕುರ್ಚಿ ಮಾಡಿದಂತಲ್ಲ. ಬಡಗಿಯು ಮೊದಲು ಕುರ್ಚಿಯ ಅಳತೆಯನ್ನು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡು ಅದಕ್ಕೆ ತಕ್ಕಂತೆ ಹಲಗೆಯನ್ನು ಕೊಯ್ಯುತ್ತಾನೆ, ಕೆತ್ತುತ್ತಾನೆ. ಇಲ್ಲಿ ತುಂಡುಗಳ ಆಕಾರ ಮೊದಲೇ ನಿಶ್ಚಿತವಾಗಿದೆ. ಅವುಗಳನ್ನು ತಿರುಗಿಸಿ, ಮಗುಚಿ, ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ, ಯಾವುದು ಎಲ್ಲಿ ಕೂರುತ್ತದೆಂದು ಕಂಡುಕೊಳ್ಳಬೇಕು. ನೇರವೂ ಗಟ್ಟಿಯೂ ಆದ ನಳಿಗೆ ಭಾರ ಹೊರಬಲ್ಲದು, ಆದುದರಿಂದ ಅದು ಕಾಲಿಗೆ ಒದಗುತ್ತದೆ. ಅಗಲವಾದ ಬಂದೂಕಿನ ಬುಡ ಬೆನ್ನೊರಗಿಗೆ ಸರಿಹೊಂದುತ್ತದೆ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಬಂದೂಕೂ ಕುರ್ಚಿಯೂ ಮನುಷ್ಯನ ಮೈಯ ಅಳತೆಗೆ ತಕ್ಕಂತೆ ರೂಪುಗೊಂಡ ವಸ್ತುಗಳು. ಬಂದೂಕಿನ ಬುಡ ಹೆಗಲಿಗೆ ಒತ್ತಿ ಕೂರುವಂತೆ, ಹಿಡಿ ಅಂಗೈಗೆ ಒಗ್ಗುವಂತೆ ಮಾಡಿರುತ್ತಾರೆ. ಹೆಗಲಿಗೂ ಅಂಗೈಗೂ ಒಗ್ಗುವ ಈ ಭಾಗಗಳು ಕುರ್ಚಿಯಲ್ಲಿ ಹೆಗಲ ಹಿಂದಕ್ಕೂ ಅಂಗೈಯ ಕೆಳಕ್ಕೂ ಬಂದು ಕುಳಿತಿವೆ.

ಬೆಸುಗೆ ಹಾಕುವ ಮುನ್ನ ಹಳೆಯ ಉಕ್ಕಿನ ಮೇಲಿನ ಎಣ್ಣೆಯನ್ನೂ ಕೂಡುವ ಜಾಗದ ತುಕ್ಕನ್ನೂ ತೆಗೆಯಬೇಕು, ಇಲ್ಲದಿದ್ದರೆ ಬೆಸುಗೆ ಹಿಡಿಯುವುದಿಲ್ಲ. ಆದರೆ ತುಂಡುಗಳ ಮೈಯನ್ನೆಲ್ಲ ಉಜ್ಜಿ ಹೊಳೆಯಿಸಿ ಬಣ್ಣ ಬಳಿದಿದ್ದರೆ ಕುರ್ಚಿ ಅಂದವಾಗುತ್ತಿತ್ತೇ ಹೊರತು ಅದರ ಮಾತು ನಿಂತುಹೋಗುತ್ತಿತ್ತು. ಕೆಸ್ಟರ್ ಹಾಗೆ ಮಾಡಲಿಲ್ಲ. ಬಳಕೆಯಿಂದ ಸವೆದ ಗುರುತುಗಳು ಸವೆದಂತೆಯೇ ಇವೆ. ಯಾವುದು ಯಾವ ಬಂದೂಕಿನ ಯಾವ ಭಾಗವೆಂಬುದನ್ನು ಬಲ್ಲವರು ಇಂದಿಗೂ ಬೆರಳಿಟ್ಟು ತೋರಿಸಬಹುದು.

ಹಾಗೆ ಬೆರಳಿಟ್ಟು ನೋಡುತ್ತ ಹೋದರೆ ಈ ಒಂದು ಕುರ್ಚಿಯಲ್ಲಿಯೇ 20ನೆಯ ಶತಮಾನದ ಚರಿತ್ರೆಯ ಒಂದು ಭಾಗ ತೆರೆದುಕೊಳ್ಳುತ್ತದೆ. ಬೆನ್ನೊರಗಿನಲ್ಲಿರುವ ಎರಡು ಬಂದೂಕುಗಳು ಜಿ-3 ಎಂಬ ಜಾತಿಯವು. ಜರ್ಮನಿಯಲ್ಲಿ ರೂಪಿಸಲ್ಪಟ್ಟ ಇವನ್ನು ಪೋರ್ಚುಗಲ್ ತನ್ನಲ್ಲಿಯೇ ತಯಾರಿಸಿ, ವಸಾಹತುಗಳ ವಿಮೋಚನಾ ಹೋರಾಟವನ್ನು ಹತ್ತಿಕ್ಕಲು ಬಳಸಿತ್ತು. ತೋಳುಗಳು ಸೋವಿಯತ್ ಒಕ್ಕೂಟದ ಏಕೆ-47ಗಳು. ಹಾಸಿನಲ್ಲಿರುವುವು ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಗಳ ಬಂದೂಕುಗಳು. ಮುಂಗಾಲುಗಳಲ್ಲಿ ಒಂದು ಉತ್ತರ ಕೊರಿಯದಲ್ಲಿ ತಯಾರಾದ ಬಂದೂಕಿನ ನಳಿಗೆ. ಮೊಜಾಂಬಿಕ್ಕಿನಲ್ಲಿ ತಯಾರಾದ ಬಂದೂಕು ಒಂದೂ ಇಲ್ಲ. ಸತ್ತವರು ಆ ದೇಶದವರು. ಕೊಂದ ಸಾಧನಗಳು ಸಾವಿರಾರು ಮೈಲಿ ದೂರದ ಕಾರ್ಖಾನೆಗಳವು. ಆ ಕಾರ್ಖಾನೆಗಳ ದೇಶಗಳು ತಮ್ಮ ತಮ್ಮಲ್ಲಿ ನೇರವಾಗಿ ಯುದ್ಧ ಮಾಡದೆ ಶಾಂತಿಯಿಂದಿದ್ದ ಕಾಲವನ್ನು ಚರಿತ್ರೆಕಾರರು 'ಶೀತಲ ಸಮರ'ದ ಕಾಲವೆಂದು ಕರೆಯುತ್ತಾರೆ. ಮೊಜಾಂಬಿಕ್ಕಿನ ಹಳ್ಳಿಗಳಲ್ಲಿ ಅದು ಶೀತಲವಾಗಿರಲಿಲ್ಲ.

ಬೆನ್ನೊರಗಿನ ಮೇಲ್ತುದಿಯಲ್ಲಿ ಒಂದು ವಿಶೇಷವಿದೆ. ಅಲ್ಲಿರುವ ಎರಡು ಬಂದೂಕುಗಳ ಬುಡದಲ್ಲಿ ತಿರುಪು ಮೊಳೆಗಳ ತೂತುಗಳೂ ಹೆಗಲಪಟ್ಟಿಯನ್ನು ತೂರಿಸುವ ಸೀಳೂ ಇವೆ. ಸ್ವಲ್ಪ ಹೊತ್ತು ದೃಷ್ಟಿಸಿ ನೋಡಿದರೆ ತೂತುಗಳು ಕಣ್ಣುಗಳಾಗಿ, ಸೀಳು ಬಾಯಾಗಿ ಎರಡು ನಗುಮುಖಗಳು ಮೂಡುತ್ತವೆ. ಇವನ್ನು ಕಲಾವಿದನು ಕೊರೆದುದಲ್ಲ. ಬಂದೂಕು ತಯಾರಾದಾಗಲೇ ಅವು ಅಲ್ಲಿದ್ದವು. ಈಗ ನಾವು ಸ್ವತಂತ್ರರು ಎಂದು ಆ ಮುಖಗಳು ಒಂದನ್ನೊಂದು ನೋಡಿ ನಗುತ್ತಿವೆಯೆಂದು ಕೆಸ್ಟರ್ ವಿವರಿಸಿದ್ದಾರೆ. ವಿಕ್ರಮನ ಸಿಂಹಾಸನದ ಬೊಂಬೆಗಳು ಏರಬಂದವನನ್ನು ಪ್ರಶ್ನಿಸಿದವು. ಈ ಬೊಂಬೆಗಳು ಸುಮ್ಮನೆ ನಗುತ್ತವೆ. ಆದರೂ ಇದರ ಮೇಲೆ ನಿಶ್ಚಿಂತೆಯಿಂದ ಕುಳಿತುಕೊಳ್ಳುವ ಧೈರ್ಯ ಯಾರಿಗೂ ಬರಲಾರದು.

ಆಯುಧಗಳನ್ನು ಕರಗಿಸಿ ಬೇರೊಂದು ವಸ್ತುವನ್ನು ಮಾಡುವ ದಾರಿಯೂ ಉಂಟು. ದಕ್ಷಿಣ ಅಮೆರಿಕದ ಕೊಲಂಬಿಯ ದೇಶದಲ್ಲಿ 2016ರ ಶಾಂತಿ ಒಪ್ಪಂದದ ಬಳಿಕ ಬಂಡಾಯಗಾರರು ಒಪ್ಪಿಸಿದ ಆಯುಧಗಳಲ್ಲಿ 37 ಟನ್ನಿನಷ್ಟನ್ನು ಕರಗಿಸಿ, ಕಲಾವಿದೆ ಡೋರಿಸ್ ಸಾಲ್ಸೆಡೊ ಅವರು ಬೊಗೊಟಾ ನಗರದಲ್ಲಿ ಒಂದು ಕಟ್ಟಡದ ನೆಲಹಾಸನ್ನು ಮಾಡಿದರು. ಆ ಹಾಸುಬಿಲ್ಲೆಗಳ ಅಚ್ಚುಗಳನ್ನು ಸುತ್ತಿಗೆಯಿಂದ ಬಡಿದು ರೂಪಿಸಿದವರು ಯುದ್ಧದಲ್ಲಿ ಅತ್ಯಾಚಾರಕ್ಕೆ ಗುರಿಯಾಗಿದ್ದ ಮಹಿಳೆಯರು. ಬಂದೂಕಿಗೆ ಅಲ್ಲಿ ಬಂದೂಕಿನ ಆಕಾರವನ್ನೇ ಉಳಿಸಿಲ್ಲ; ಅದನ್ನು ಕಾಲ ಕೆಳಗೆ ಹಾಕಲಾಗಿದೆ. ಸಾಲ್ಸೆಡೊ ಅವರ ದಾರಿ ತನ್ನ ಜಾಗದಲ್ಲಿ ಯುಕ್ತವಾದುದೇ. ಆದರೆ ಕರಗಿದ ಉಕ್ಕಿಗೆ ತಾನು ಹಿಂದೆ ಏನಾಗಿದ್ದೆನೆಂಬ ನೆನಪಿಲ್ಲ, ಪಕ್ಕದಲ್ಲಿ ನಿಂತು ಯಾರಾದರೂ ಹೇಳಬೇಕು. ಮಪುಟೊದ ಕುರ್ಚಿಗೆ ಹೇಳುವವರ ಅಗತ್ಯ ಬೀಳುವುದಿಲ್ಲ.

ಬ್ರಿಟಿಷ್ ಮ್ಯೂಸಿಯಮ್ ಈ ಸಿಂಹಾಸನವನ್ನು 2002ರಲ್ಲಿ ಕೊಂಡಿತು. 2005ರಲ್ಲಿ ಅದನ್ನು ಬ್ರಿಟನ್ನಿನ ಉದ್ದಗಲಕ್ಕೂ ಕೊಂಡೊಯ್ದು ಶಾಲೆಗಳಲ್ಲಿಯೂ ಒಂದು ಸೆರೆಮನೆಯಲ್ಲಿಯೂ ಪ್ರದರ್ಶಿಸಿದರು. ಚಾಕು, ಬಂದೂಕುಗಳ ಹಿಂಸೆಯನ್ನು ಹತ್ತಿರದಿಂದ ಕಂಡ ಸೆರೆಯಾಳುಗಳ ಮುಂದೆ ಅದನ್ನು ಇಟ್ಟುದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುದಕ್ಕಿಂತ ಸಾರ್ಥಕವಾದ ಕಾರ್ಯವೆನ್ನಬೇಕು. ಮ್ಯೂಸಿಯಮ್ಮೂ ಕ್ರಿಶ್ಚಿಯನ್ ಏಯ್ಡ್ ಎಂಬ ಸಂಸ್ಥೆಯೂ ಕೂಡಿ ಮುಂದೆ ಇನ್ನೂ ದೊಡ್ಡ ಕೃತಿಯೊಂದನ್ನು ಮಾಡಿಸಿದವು. ಕೆಸ್ಟರ್, ಹಿಲಾರಿಯೊ ನ್ಯಾತುಗೇಜ, ಫಿಯೆಲ್ ದೊಸ್ ಸಾಂತೊಸ್, ಅದೆಲಿನೊ ಸೆರಫಿಮ್ ಮಾತೆ ಎಂಬ ನಾಲ್ವರು ಸುಮಾರು ಮೂರು ತಿಂಗಳು ದುಡಿದು 2004ರಲ್ಲಿ ಪೂರೈಸಿದ ಆ ಕೃತಿಯೇ 'ಜೀವವೃಕ್ಷ'. ಮೂರೂವರೆ ಮೀಟರ್ ಎತ್ತರವೂ ಅರ್ಧ ಟನ್ ತೂಕವೂ ಉಳ್ಳ ಈ ಮರದ ಕಾಂಡ, ಕೊಂಬೆ, ಎಲೆ, ಬುಡದಲ್ಲಿರುವ ಪ್ರಾಣಿಗಳು ಎಲ್ಲವೂ ಆಯುಧಗಳ ತುಂಡುಗಳಿಂದಾದುವೇ. ಗಾತ್ರದಲ್ಲಿಯೂ ವೈಭವದಲ್ಲಿಯೂ ಅದು ದೊಡ್ಡದು. ಆದರೂ ಮನಸ್ಸಿಗೆ ನಾಟುವುದರಲ್ಲಿ ಕುರ್ಚಿಯೇ ಒಂದು ತೂಕ ಹೆಚ್ಚು. ಮರವನ್ನು ನೋಡಿ ಮೆಚ್ಚಬಹುದು. ಕುರ್ಚಿಯನ್ನು ನೋಡಿದವನು, ತನಗೆ ತಿಳಿಯದೆಯೇ, ತಾನು ಅದರಲ್ಲಿ ಕುಳಿತಂತೆ ಕಲ್ಪಿಸಿಕೊಳ್ಳುತ್ತಾನೆ.

ಯೋಜನೆಯು ಆರಂಭವಾದ ಮೇಲಿನ ಒಂಬತ್ತು ವರ್ಷಗಳಲ್ಲಿ 6 ಲಕ್ಷಕ್ಕೂ ಹೆಚ್ಚು ಆಯುಧಗಳು ಕೈಸೇರಿದವೆಂದು ಮ್ಯೂಸಿಯಮ್ ದಾಖಲಿಸಿದೆ. ಸರ್ಕಾರವೂ ನೆರೆಯ ದಕ್ಷಿಣ ಆಫ್ರಿಕದ ಪೊಲೀಸರೊಡನೆ ಕೂಡಿ 1995ರಿಂದ ಅಡಗಿಸಿಟ್ಟ ಆಯುಧಗಳ ಕಣಜಗಳನ್ನು ಹುಡುಕಿ ನಾಶಮಾಡಿಸಿತು. ಆ ಯೋಜನೆಯಿಂದ ಬೆಳೆದ ಇನ್ನೊಬ್ಬ ಕಲಾವಿದ, ಸ್ವಾತಂತ್ರ್ಯದ ವರ್ಷವಾದ 1975ರಲ್ಲಿ ಜನಿಸಿದ ಗೊನ್ಸಾಲೊ ಮಬುಂಡ ಅವರು ಆಯುಧಗಳಿಂದ ಸಾಲು ಸಾಲು ಸಿಂಹಾಸನಗಳನ್ನೂ ಮುಖವಾಡಗಳನ್ನೂ ಮಾಡಿ ಪ್ರಸಿದ್ಧರಾದರು. 2015ರಲ್ಲಿ ಅವರ ಕೃತಿಗಳು ಇಟಲಿಯ ವೆನಿಸ್ ನಗರದ ಅಂತಾರಾಷ್ಟ್ರೀಯ ಕಲಾಪ್ರದರ್ಶನವನ್ನು ಮುಟ್ಟಿದವು. ಕೆಸ್ಟರ್ ಅವರ ಸಿಂಹಾಸನ ಸರಳ. ಮಬುಂಡ ಅವರವುಗಳಲ್ಲಿ ಆಡಂಬರ ಹೆಚ್ಚು, ಅರಸೊತ್ತಿಗೆಯ ಗತ್ತನ್ನು ಅಣಕಿಸುವ ವಿನೋದವೂ ಹೆಚ್ಚು.

ಇಷ್ಟಾದರೂ ಮೊಜಾಂಬಿಕ್ಕಿನಲ್ಲಿ ಬಂದೂಕಿನ ಸದ್ದು ಪೂರ್ತಿಯಾಗಿ ನಿಂತಿತೆಂದು ಹೇಳುವಂತಿಲ್ಲ. 2013ರಲ್ಲಿ ಸರ್ಕಾರಕ್ಕೂ ರೆನಾಮೊಗೂ ಮತ್ತೆ ಘರ್ಷಣೆ ಆರಂಭವಾಯಿತು. 2019ರಲ್ಲಿ ಹೊಸದಾಗಿ ಒಪ್ಪಂದವಾಗಿ, ರೆನಾಮೊದ ಹೋರಾಟಗಾರರಿಂದ ಆಯುಧಗಳನ್ನು ಹಿಂತೆಗೆದುಕೊಳ್ಳುವ ಕೆಲಸ 2023ರಲ್ಲಿ ಮುಗಿಯಿತು. ಅಷ್ಟರಲ್ಲಿ ದೇಶದ ಉತ್ತರ ತುದಿಯ ಕಾಬೊ ದೆಲ್ಗಾದೊ ಪ್ರಾಂತದಲ್ಲಿ 2017ರಿಂದ ಬೇರೊಂದು ಉಗ್ರ ದಂಗೆ ಹೊತ್ತಿಕೊಂಡು ಲಕ್ಷಾಂತರ ಜನರು ನಿರಾಶ್ರಿತರಾದರು.

ದೇಶದ ಧ್ವಜದ ಮೇಲೆಯೂ ಬಂದೂಕು ಉಳಿದಿದೆ. 1983ರಲ್ಲಿ ಅಂಗೀಕೃತವಾದ ಆ ಧ್ವಜದಲ್ಲಿ, ಕೆಂಪು ತ್ರಿಕೋನದೊಳಗಿನ ಹಳದಿ ನಕ್ಷತ್ರದ ಮೇಲೆ ಒಂದು ತೆರೆದ ಪುಸ್ತಕವಿದೆ. ಪುಸ್ತಕದ ಮೇಲೆ ಒಂದು ಗುದ್ದಲಿಯೂ ಬಯೊನೆಟ್ ಸಿಕ್ಕಿಸಿದ ಒಂದು ಏಕೆ-47 ಬಂದೂಕೂ ಒಂದನ್ನೊಂದು ಅಡ್ಡಹಾಯ್ದು ನಿಂತಿವೆ. ಸ್ವಾತಂತ್ರ್ಯವನ್ನು ತಂದುಕೊಟ್ಟ ಹೋರಾಟದ ಕುರುಹು ಅದೆಂದು ಕೆಲವರು ಹೇಳಿದರು. ಶಾಂತಿಯ ಕಾಲದಲ್ಲಿ ಅದು ಸಲ್ಲದೆಂದು ಇನ್ನು ಕೆಲವರು ವಾದಿಸಿದರು. 2005ರಲ್ಲಿ ಹೊಸ ಧ್ವಜಕ್ಕಾಗಿ ಸ್ಪರ್ಧೆಯನ್ನೂ ಏರ್ಪಡಿಸಲಾಯಿತು. ಚಿತ್ರಗಳು ಬಂದವು, ಚರ್ಚೆಗಳೂ ನಡೆದವು. ಆದರೆ ಧ್ವಜ ಬದಲಾಗಲಿಲ್ಲ. ಬಂದೂಕುಗಳನ್ನು ಕತ್ತರಿಸಿ ಕುರ್ಚಿ ಮಾಡಿದ ಮಪುಟೊ ನಗರದಲ್ಲಿಯೇ, ಸರ್ಕಾರಿ ಕಚೇರಿಗಳ ಮೇಲೆ, ಗುದ್ದಲಿಯ ಜೊತೆಗೆ ಆ ಬಂದೂಕು ಗಾಳಿಯಲ್ಲಿ ಹಾರಾಡುತ್ತಿದೆ.